ತಾಡಪತ್ರಿಯ ಮೇಲಿನ ಕಬ್ಬಿಣ

ಹುಲಗೂರಿನ ಆಚೆ, ನಮ್ಮ ಹೊಲ ಮುಗಿಯುವಲ್ಲಿ ವಿಮಾನಮಡ್ಡಿ ಶುರುವಾಗುತ್ತದೆ. ಯುದ್ಧದ ಕಾಲಕ್ಕೆ ಬ್ರಿಟಿಷರು ವಿಮಾನ ಇಳಿಸಲೆಂದು ಮಾಡಿಸಿದ ನೆಲ. ಅಜ್ಜ ಅಲ್ಲಿಗೆ ಬುಟ್ಟಿಯಲ್ಲಿ ಗರಸು ಮಣ್ಣು ಹೊತ್ತಿದ್ದ. ಎಷ್ಟು ವಿಮಾನ ಬಂದವು ಎಂದು ಕೇಳಿದರೆ, “ಬಂದಿದ್ದು ಎರಡೋ ಮೂರೋ. ನಾ ಹೊತ್ತ ಬುಟ್ಟಿ ಎಷ್ಟು ಅಂತ ಕೇಳು” ಎನ್ನುತ್ತಿದ್ದ. ಯುದ್ಧ ಮುಗಿಯಿತು, ದೊರೆಗಳು ಹೋದರು, ನೆಲ ಉಳಿಯಿತು. ಗಟ್ಟಿ, ಸಪಾಟ ನೆಲ. ಗೋವಿನಜೋಳ ಒಣಗಿಸಲು ಸುತ್ತಮುತ್ತ ಅಂಥ ಜಾಗ ಇನ್ನೊಂದಿಲ್ಲ.

ಅಲ್ಲಿಯೇ ಮಣ್ಣಲ್ಲಿ ಹೂತಿದ್ದ ಒಂದು ಕಬ್ಬಿಣವನ್ನು ಅಜ್ಜ ಎತ್ತಿಟ್ಟಿದ್ದ. ಸೋರೆಕಾಯಿಯ ಆಕಾರ, ತುಂಬಿದ ಕೊಡದಷ್ಟು ಭಾರ. ರಾಶಿಯ ಮೇಲಿನ ತಾಡಪತ್ರಿ ಗಾಳಿಗೆ ಹಾರದಂತೆ ಅದನ್ನೇ ಹೇರುತ್ತಿದ್ದೆವು. ಚಿಕ್ಕವಳಿದ್ದಾಗ ಅದರ ಮೇಲೆ ಕೂತು ಶೇಂಗಾ ಸುಲಿದಿದ್ದೇನೆ, ಅದರ ತುಕ್ಕನ್ನು ಕಲ್ಲಿನಿಂದ ಕೆರೆದಿದ್ದೇನೆ.

ಖಂಡೇಪೂಜೆಯ ದಿನ ನಮ್ಮಲ್ಲಿ ದುಡಿದ ಕಬ್ಬಿಣಕ್ಕೆಲ್ಲ ಪೂಜೆ. ಹೋದ ವರ್ಷ ರಾಶಿ ಬಿಟ್ಟು ಮನೆಗೆ ಹೋಗಲಾಗದೆ ಅವ್ವ ಕುಡಗೋಲು, ಕುರ್ಪಿಗಳನ್ನೂ ಮಡ್ಡಿಗೇ ತರಿಸಿದಳು. ಆ ಕಬ್ಬಿಣವನ್ನು ನೆಟ್ಟಗೆ ನಿಲ್ಲಿಸಿ, ಉರುಳದಂತೆ ಎಡಗೈಯಲ್ಲಿ ಹಿಡಿದು, ಮೂತಿಯ ಮೇಲೆ ವೀಳ್ಯದೆಲೆ ಇಟ್ಟು ಕರ್ಪೂರ ಹಚ್ಚಿದಳು.

ಪಕ್ಕದ ಹೊಲದವರ ಮಗ ಸೈನ್ಯದಿಂದ ರಜೆಗೆ ಬಂದಿದ್ದ. ಪೂಜೆಗೆಂದು ಬಂದವನು ಹತ್ತು ಹೆಜ್ಜೆ ದೂರದಲ್ಲೇ ನಿಂತುಬಿಟ್ಟ.

“ಚಿಗವ್ವ, ಕೈ ಬಿಡಬ್ಯಾಡ್ರಿ. ಅಲ್ಲಾಡಬ್ಯಾಡ್ರಿ. ಅದು ಬಾಂಬ್.”

“ಬಾಂಬ್ ಆಗಿದ್ರ ಇಕಿ ಅಜ್ಜನ ಕಾಲಕ್ಕ ಸಿಡೀಬೇಕಿತ್ತು.”

“ಚಾಷ್ಟಿ ಅಲ್ರಿ. ಮೊದಲ ಆ ಬೆಂಕಿ ತಗೀರಿ.”

“ಹಚ್ಚಿದ ಕರ್ಪೂರ ಆರಸಬಾರದೋ ತಮ್ಮಾ. ತಾನ ಆರಲಿ.”

ಅವನ ಮುಖ ನೋಡಿದ ಮೇಲೆ ಅವಳ ಧ್ವನಿ ಇಳಿದಿತ್ತು. ಕೈ ಮಾತ್ರ ಅಲುಗಲಿಲ್ಲ. ನನ್ನ ಕೈಯಲ್ಲಿ ಪೂಜೆಯ ಗಂಟೆ ಇತ್ತು. ಅದು ಸದ್ದು ಮಾಡದಂತೆ ಒಳಗಿನ ನಾಲಿಗೆಯನ್ನು ಬೆರಳಿಂದ ಒತ್ತಿ ಹಿಡಿದು ನಿಂತೆ. ಕರ್ಪೂರ ಅಷ್ಟು ಹೊತ್ತು ಉರಿದದ್ದನ್ನು ನಾನು ಎಂದೂ ಕಂಡಿಲ್ಲ. ದಿನಕ್ಕೊಮ್ಮೆಯಾದರೂ ಅದು ಈಗಲೂ ನನ್ನ ಕಣ್ಣೆದುರು ಉರಿಯುತ್ತದೆ.

ಆರಿದ ಮೇಲೆ ಅವನು ಬಂದು ಬುಡಕ್ಕೆ ಕೈಕೊಟ್ಟ. ಇಬ್ಬರೂ ಸೇರಿ ಅದನ್ನು ಗೋವಿನಜೋಳದ ರಾಶಿಯ ಮೇಲೆ ಮೆಲ್ಲಗೆ ಮಲಗಿಸಿದರು. “ಇನ್ನ ನಡೀರಿ. ಓಡಬ್ಯಾಡ್ರಿ” ಎಂದ.

ಮರುದಿನ ಪೊಲೀಸರೊಂದಿಗೆ ಬಂದ ಬಾಂಬ್ ದಳದವರು ಅದನ್ನು ಮಡ್ಡಿಯ ಆಚೆ ತುದಿಗೆ ಒಯ್ದು, ಸುತ್ತ ಮರಳಿನ ಚೀಲ ಒಟ್ಟಿ ಸಿಡಿಸಿದರು. ಊರಿನ ಕಿಟಕಿಗಳೆಲ್ಲ ನಡುಗಿದವು. ರಸ್ತೆಯಲ್ಲಿ ನಿಂತಿದ್ದ ಅವ್ವ, “ಇಷ್ಟು ಸಿಟ್ಟು ಹೊಟ್ಟ್ಯಾಗ ಇಟ್ಕೊಂಡು ನಮ್ಮ ರಾಶಿ ಕಾಯ್ತಿತ್ತಲ್ಲ” ಎಂದಳು.

ಈ ವರ್ಷ ತಾಡಪತ್ರಿಗೆ ಕಲ್ಲು ಹೇರಿದ್ದೇವೆ. ಪೂಜೆಯ ದಿನ ಕುಡಗೋಲುಗಳ ಮುಂದೆ ಕರ್ಪೂರ ಹಚ್ಚಲು ಅವ್ವ ನನಗೇ ಹೇಳಿದಳು. ಮೂರು ಕಡ್ಡಿ ಮುರಿದವು. ನಾಲ್ಕನೆಯದಕ್ಕೆ ಅವಳು ನನ್ನ ಮಣಿಕಟ್ಟು ಹಿಡಿದಳು, ಅದೇ ಎಡಗೈಯಲ್ಲಿ.

“ಹಚ್ಚು” ಎಂದಳು. “ನಾ ಹಿಡದೇನಿ.”