ಆರಾಮ್ ಎಂಬ ಉತ್ತರ

ನಾನು ಹಿಮ ನೋಡಿಲ್ಲ. ಆದರೂ ಆ ವರ್ಷವೆಲ್ಲ ನನ್ನ ಕನಸಿನಲ್ಲಿ ಹಿಮ ಬೀಳುತ್ತಿತ್ತು, ಅದೂ ಜಗಳೂರು ಸೀಮೆಯ ಮೇಲೆ. ಸೊಕ್ಕೆಯ ಮೆಕ್ಕೆಜೋಳದ ಹೊಲಗಳೆಲ್ಲ ಬಿಳಿಯಾಗಿರುತ್ತಿದ್ದವು. ದೂರದ ಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳು ನಿದ್ದೆಗಣ್ಣಿನಲ್ಲಿ ರೆಕ್ಕೆ ತಿರುವುತ್ತಿದ್ದವು. ಅವುಗಳ ಕೆಳಗೆ ನನ್ನ ಸೋದರಮಾವ ಬರಿಗೈಯಲ್ಲಿ ನೆಲದಲ್ಲಿ ಏನನ್ನೋ ತಡಕಾಡುತ್ತಿರುತ್ತಿದ್ದ. ಕನಸಿಗೆ ಅರ್ಥವಿದೆ ಎನ್ನುವವರ ಎದುರು ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ವಾದಿಸಿ ಗೆದ್ದವಳು ನಾನು. ಈಗಲೂ ನನ್ನ ನಿಲುವು ಅದೇ. ಹಗಲೆಲ್ಲ ತಲೆಯಲ್ಲಿ ಹೊತ್ತು ತಿರುಗಿದ್ದೇ ಕಣ್ಣು ಮುಚ್ಚಿದಾಗ ಬರುತ್ತದೆ, ಅಷ್ಟೆ. ನಾನು ಹೊತ್ತು ತಿರುಗುತ್ತಿದ್ದದ್ದು ಮಾವನ ಮೇಲ್ಮನವಿ.

ಮಾವ ಸೈನ್ಯದಲ್ಲಿ ಟೆಲಿಫೋನ್ ತಂತಿ ಎಳೆಯುವ ಕೆಲಸದಲ್ಲಿದ್ದವನು. ಉತ್ತರದ ಎತ್ತರದ ಠಾಣೆಯೊಂದರಲ್ಲಿ ಒಂದು ಚಳಿಗಾಲ ಕಳೆದ ಮೇಲೆ ಅವನ ಬೆರಳುಗಳು ಮರಗಟ್ಟಿದವು. ತಣ್ಣೀರು ತಾಗಿದರೆ ಸಾಕು, ಬೆರಳ ತುದಿ ಸುಣ್ಣ ಬಳಿದಂತೆ ಬೆಳ್ಳಗಾಗುತ್ತದೆ, ಆಮೇಲೆ ನೀಲಿ, ಆಮೇಲೆ ಉರಿ. ಕೈಯಲ್ಲಿದ್ದದ್ದು ಬಿತ್ತೆಂದು ಅವನಿಗೆ ತಿಳಿಯುವುದು ಬಿದ್ದ ಸದ್ದಿನಿಂದ. ನಿವೃತ್ತಿಯ ಹೊತ್ತಿನಲ್ಲಿ ಅವನನ್ನು ಪರೀಕ್ಷಿಸಿದ ವೈದ್ಯರ ಮಂಡಳಿ ಎರಡು ಮಾತು ಬರೆಯಿತು. ಒಂದು, ವೈಕಲ್ಯ ಶೇಕಡಾ ಇಪ್ಪತ್ತಕ್ಕಿಂತ, ಅಂದರೆ ಪಿಂಚಣಿಗೆ ಬೇಕಾದ ಕನಿಷ್ಠಕ್ಕಿಂತ, ಕಡಿಮೆ. ಇನ್ನೊಂದು, ಇದು ಸೇವೆಯಿಂದ ಬಂದ ಕಾಯಿಲೆಯಲ್ಲ, ಅವನ ದೇಹಪ್ರಕೃತಿಯಿಂದ ಬಂದದ್ದು. ಹಾಗಾಗಿ ಅಂಗವೈಕಲ್ಯದ ಪಿಂಚಣಿ ಸಿಗಲಿಲ್ಲ.

ಅದನ್ನು ಮಾವ ಸಹಿಸಿಕೊಂಡಿದ್ದ. ಸಹಿಸಲಾಗದ್ದು ಆದದ್ದು ಅವನ ಊರು ಸೊಕ್ಕೆಯಲ್ಲಿ, ಯಾರದೋ ನಿಶ್ಚಿತಾರ್ಥದ ಮನೆಯಲ್ಲಿ. ಅವನ ಕೈಯಿಂದ ಹಾಲಿನ ಲೋಟ ಜಾರಿತು. ಜಮಖಾನೆಯ ಮೇಲೆ ಹಾಲು ಹರಡುತ್ತಿರುವಾಗಲೇ ಹಿಂದಿನಿಂದ ಒಬ್ಬರು ಅಂದರು: “ಮಿಲಿಟ್ರಿ ಕೋಟಾ ಬೆಳಿಗ್ಗೆನೇ ಇಳಿಸ್ಯಾನೆ ಕಾಣ್ತೈತೆ!” ಎಲ್ಲರೂ ನಕ್ಕರು. ನಕ್ಕವರಲ್ಲಿ ಅರ್ಧಕ್ಕರ್ಧ ಜನ “ಕ್ಯಾಂಟೀನಿಂದ ಒಂದ್ ಬಾಟ್ಲಿ ತಂದ್ಕೊಡ್ರಿ” ಎಂದು ಅವನ ಬಾಗಿಲಿಗೆ ಬರುವವರು. ಮಾವ ಒಂದು ಹನಿ ಮುಟ್ಟುವವನಲ್ಲ. ಆದರೆ ಕಾಯಿಲೆ ನಮ್ಮದಲ್ಲ ಎಂದು ಸೈನ್ಯವೇ ಬರೆದುಕೊಟ್ಟ ಮೇಲೆ ಅದು ಮತ್ಯಾವುದರದ್ದು? ಊರು ತನಗೆ ತೋಚಿದ ಉತ್ತರ ಹಚ್ಚಿಕೊಂಡಿತ್ತು.

“ದುಡ್ಡು ಬಂದ್ರೆ ಬರಲಿ, ಬಿಟ್ರೆ ಬಿಡ್ಲಿ,” ಎಂದ ಮಾವ. “ಇದು ಅಲ್ಲಿಂದ ಬಂದಿದ್ದು ಅಂತ ಅವ್ರ ಕೈಯಿಂದ ಒಂದ್ ಸಲ ಬರೆಸ್ಕೊಡ್ತೀಯೇನವ್ವ?”

ನಾನಾಗ ದಾವಣಗೆರೆಯಲ್ಲಿ ಕಾನೂನು ಓದುತ್ತಿದ್ದೆ, ತ್ಯಾವಣಿಗೆಯ ಮನೆಯಿಂದ ದಿನಾ ಬಸ್ಸಿನಲ್ಲಿ ಓಡಾಟ. ಕಾಗದಗಳನ್ನು ಓದಿದೆ. ಗೆಲ್ಲುವ ಕೇಸು ಎನ್ನಿಸಿತು. ಸೈನ್ಯಕ್ಕೆ ಸೇರುವಾಗ ಇವನ ದೇಹ ನೆಟ್ಟಗಿತ್ತೆಂದು ಅವರೇ ಬರೆದುಕೊಂಡಿದ್ದಾರೆ. ಹಾಗಾದರೆ ನಡುವೆ ಬಂದದ್ದು ಸೇವೆಯಿಂದ ಅಲ್ಲ ಎಂದು ತೋರಿಸುವ ಹೊಣೆ ಅವರದ್ದು. ಆದರೆ ಮಂಡಳಿಯ ವರದಿಯ ಕೊನೆಯಲ್ಲಿ ಒಂದು ಸಾಲಿತ್ತು: ತನಗೆ ಯಾವ ತೊಂದರೆಯೂ ಇಲ್ಲವೆಂದು ವ್ಯಕ್ತಿಯೇ ಹೇಳಿದ್ದಾನೆ. ಚರ್ಚೆಯಲ್ಲಿ ಎದುರಾಳಿಯ ಬಾಯಿಂದಲೇ ಒಪ್ಪಿಗೆ ಬಂದರೆ ಅಲ್ಲಿಗೆ ಆಟ ಮುಗಿಯಿತು. ಇಲ್ಲಿ ಒಪ್ಪಿಗೆ ನಮ್ಮ ಕಡೆಯಿಂದಲೇ ಹೋಗಿತ್ತು.

“ಮಾವ, ಡಾಕ್ಟ್ರು ನಿನ್ನ ಏನ್ ಕೇಳಿದ್ರು?”

“ಹೆಂಗಿದೀಯಾ ಅಂದ್ರು.”

“ನೀ ಏನಂದೆ?”

“ಆರಾಮ್ ಅದೀನಿ ಸಾಬ್ ಅಂದೆ.”

“ಯಾಕ್ ಹಂಗಂದೆ?”

“ಮತ್ತೆ ಏನನ್ಬೇಕು? ಹೆಂಗಿದೀಯಾ ಅಂದ್ರೆ ಆರಾಮ್ ಅನ್ನದಲ್ವಾ?”

ನಮ್ಮ ಸೀಮೆಯಲ್ಲಿ ‘ಆರಾಮಾ?’ ಎಂಬುದು ಪ್ರಶ್ನೆಯೇ ಅಲ್ಲ. ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸಿಕೊಂಡು ಮಲಗಿದವರೂ, ನೋಡಲು ಬಂದವರಿಗೆ ಮೊದಲು ‘ಆರಾಮ್’ ಎಂದೇ ಆಮೇಲೆ ನರಳುತ್ತಾರೆ.

ಸೊಕ್ಕೆಯ ಮನೆಯ ಕಟ್ಟೆಯ ಮೇಲೆ ಅವನಿಗೆ ಪಾಠ ಶುರುವಾಯಿತು. ಬಿಸಿಲಿಗೆ ಓಣಿಯೇ ತೇಲುವಂತೆ ಕಾಣುತ್ತಿತ್ತು. ಮಾವ ಆ ಸೆಕೆಯಲ್ಲೂ ಉಣ್ಣೆಯ ಕೈಗವಸು ತೊಟ್ಟು ಕೂತಿದ್ದ. “ನಾನೇ ಡಾಕ್ಟ್ರು ಅನ್ಕೋ. ಹೂಂ, ಹೆಂಗಿದೀರಿ?”

“ಆರಾಮ್ ರೀ. ನೀವ್ ಆರಾಮಾ?”

ಬಾಗಿಲಲ್ಲಿ ನಿಂತಿದ್ದ ಅತ್ತೆ ಸೆರಗು ಬಾಯಿಗೆ ಹಿಡಿದು ನಕ್ಕಳು. “ಅವ್ರಿಗೆ ಕಲಿಸಾಕೆ ಹೋಗ್ಬ್ಯಾಡವ್ವ, ಹೆಣ ಎತ್ತೋವಾಗ್ಲೂ ಆರಾಮ್ ಅಂತಾರೆ.”

ಮಾವನ ಮಾತನ್ನು ನಂಬಿ ಕೂರುವಂತಿಲ್ಲ ಎಂದಾದ ಮೇಲೆ ಸಾಕ್ಷಿ ಬೇಕಾಯಿತು. ಅದೇ ಠಾಣೆಯಲ್ಲಿ ಅದೇ ಚಳಿಗಾಲ ಜೊತೆಗಿದ್ದ ಗೆಳೆಯನೊಬ್ಬ ಈಗ ಸವಳಂಗದಲ್ಲಿ ಬೇಸಾಯ ಮಾಡಿಕೊಂಡಿದ್ದ. ಮಾವ ಒಂದು ಸಂಜೆ ನಮ್ಮ ಮನೆಗೆ ಬಂದ, ಮರುದಿನ ಮುಂಜಾನೆ ತ್ಯಾವಣಿಗೆಯಿಂದ ನನ್ನ ಸ್ಕೂಟಿಯಲ್ಲಿ ಹೊರಟೆವು. ಮೊದಲೇ ಕೊಂಡಿದ್ದ ಛಾಪಾಕಾಗದ ಚೀಲದಲ್ಲಿತ್ತು. ಚನ್ನಗಿರಿ ದಾಟಿ ಹೊನ್ನಾಳಿ ದಾರಿ ಹಿಡಿದಾಗ ಮಂಜು ದಟ್ಟವಾಯಿತು. ತುಂಗಭದ್ರೆಯ ಸೇತುವೆ ಬರುವ ಹೊತ್ತಿಗೆ ಕೆಳಗೆ ನೀರಿದೆಯೋ ಇಲ್ಲವೋ ಕಾಣದು. ಆಚೆಯ ದಡ ಅಳಿಸಿಹೋಗಿತ್ತು. ಎದುರಿನಿಂದ ಬಂದ ಬಸ್ಸು ಎರಡು ಹಳದಿ ದೀಪವಾಗಿ ಬಂದು, ಒಂದು ಹಾರನ್ ಆಗಿ ಕರಗಿತು.

“ನಿಲ್ಸು,” ಎಂದ ಮಾವ.

ಸೇತುವೆ ದಾಟಿ ಬದಿಗೆ ನಿಲ್ಲಿಸಿದೆ. ಅವನು ಇಳಿದು ನದಿಯ ಕಡೆ ಮುಖ ಮಾಡಿ ನಿಂತ. ತಾನಾಗಿಯೇ ಮಾತಾಡಿದ. “ಅಲ್ಲಿ ಹಿಂಗೇ. ಮ್ಯಾಲೆ ಯಾವ್ದು ಕೆಳಗೆ ಯಾವ್ದು ಗೊತ್ತಾಗಲ್ಲ. ತಂತಿ ಕಡಿದ್ರೆ ಹುಡುಕ್ಕೊಂಡು ಹೋಗಿ ಕೂಡಿಸ್ಬೇಕು. ಕೈಗವಸು ಹಾಕ್ಕೊಂಡ್ರೆ ಗಂಟು ಬೀಳಲ್ಲ, ಬರಿಗೈಯಾಗೇ ಮಾಡ್ಬೇಕು. ಮೊದ್ಲು ಭಾಳ ಉರೀತೈತೆ. ಆಮ್ಯಾಲೆ ಉರಿ ನಿಂತ್ ಬಿಡ್ತೈತೆ. ನಿಂತಾಗ ಎಷ್ಟ್ ಹಿತ ಗೊತ್ತಾ? ಕೈ ಯಾರ್ದೋ ಅನ್ನಿಸ್ತೈತೆ.”

ನನಗೆ ಚಳಿ ಹತ್ತಿತು. ಕನಸಿನಲ್ಲಿ ಅವನು ಬರಿಗೈಯಲ್ಲಿ ತಡಕಾಡುತ್ತಿದ್ದದ್ದು ಏನೆಂದು ಹೊಳೆದದ್ದಕ್ಕೋ ಏನೋ. ಕಾಕತಾಳೀಯ ಎಂದು ನನಗೆ ನಾನೇ ಹೇಳಿಕೊಂಡೆ, ಸ್ವಲ್ಪ ಜೋರಾಗಿಯೇ. “ಏನಂದೆ?” ಎಂದ ಮಾವ. “ಏನಿಲ್ಲ ಹತ್ತು,” ಎಂದೆ.

ನ್ಯಾಮತಿಯಲ್ಲಿ ಮಂಡಕ್ಕಿ ಮಿರ್ಚಿ ತಿಂದು ಸವಳಂಗ ಮುಟ್ಟಿದಾಗ ಬಿಸಿಲು ಬಿದ್ದಿತ್ತು. ಕೆರೆಯ ನೀರು ಅಲುಗಾಡದೆ ಮೋಡಗಳನ್ನು ಹೊತ್ತು ಮಲಗಿತ್ತು. ಗೆಳೆಯ ಕಣದಲ್ಲಿ ರಾಶಿಯ ಮೇಲೆ ತಾಡಪಾಲು ಎಳೆಯುತ್ತಿದ್ದವನು ಮಾವನನ್ನು ನೋಡಿ ಕೂಗಿದ.

“ಲೇ, ಇನ್ನೂ ಬದ್ಕೀಯೇನಲೇ! ಆರಾಮಾ?”

“ಆರಾಮಲೇ. ನೀನು?”

“ಆರಾಮ್.”

ಗೆಳೆಯನ ಎಡಗಾಲಿನಲ್ಲಿ ಎರಡು ಬೆರಳಿರಲಿಲ್ಲ.

ಚಹಾ ಬಂತು. ನಾನು ತಡೆದುಕೊಳ್ಳಲಾರದೆ ಕೇಳಿಬಿಟ್ಟೆ: “ಅಲ್ರೀ, ಅಷ್ಟ್ ನೋವಿದ್ರೂ ನಮ್ ಮಾವ ಅಲ್ಲೇ ಯಾಕ್ ಹೇಳ್ಲಿಲ್ಲ?”

“ಹೇಳಿದ್ರೆ ಕೆಳಗ್ ಕಳಿಸ್ತಿದ್ರು ತಾಯಿ. ಇವನ ಪಾಳಿ ನನ್ ತಲಿ ಮ್ಯಾಲೆ ಬೀಳ್ತಿತ್ತು. ನಾನ್ ಹೇಳಿದ್ರೆ ನನ್ ಪಾಳಿ ಇವನ ತಲಿ ಮ್ಯಾಲೆ. ಅದ್ಕೇ ದಿನಾ ಬೆಳಿಗ್ಗೆ ಸಾಲಾಗಿ ನಿಲ್ಸಿ ಕೇಳಿದಾಗ ಇಬ್ರೂ ‘ಠೀಕ್ ಸಾಬ್’ ಅಂತ ಕೂಗದು. ಕೂಗಿ ಕೂಗಿ ನಾಲಿಗಿಗೆ ಅದೇ ರೂಢಿ ಬಿತ್ತು.”

“ಹಂಗಾದ್ರೆ,” ನಾನು ಲೋಟ ಕೆಳಗಿಟ್ಟೆ, “ಆರಾಮ್ ಅನ್ನೋ ಉತ್ತರನೇ ಸೇವೆಯಿಂದ ಬಂದಿದ್ದಲ್ವಾ? ಅದನ್ನೇ ಅವ್ರು ಇವ್ನ ಮ್ಯಾಲೆ ಸಾಕ್ಷಿ ಮಾಡ್ಕೊಂಡ್ರೆ ಹೆಂಗೆ? ಮೊದ್ಲು ಬಾಯಿಗೆ ಅಭ್ಯಾಸ ಮಾಡ್ಸದು, ಆಮೇಲೆ ನೀನೇ ಹೇಳಿದ್ದಲ್ವಾ ಅನ್ನದು!”

ಗೆಳೆಯ ಮಾವನ ಬೆನ್ನಿಗೆ ಗುದ್ದಿ ನಕ್ಕ. “ಲೇ, ನಮ್ಮನ್ ಬಿಟ್ಟು ಇವಳ ಬಾಯಿ ಬಾರ್ಡರಿಗೆ ಕಳಿಸ್ಬೇಕಿತ್ತು ಕಣಲೇ. ಎದುರಿನೋರು ಕಿವಿ ಮುಚ್ಕೊಂಡು ಓಡ್ತಿದ್ರು.” ನಕ್ಕು ಮುಗಿಸಿ, ಕಂಡದ್ದನ್ನೆಲ್ಲ ಹೇಳಿ ಬರೆಸಿ, ಛಾಪಾಕಾಗದಕ್ಕೆ ರುಜು ಹಾಕಿದ. ಅವನ ಕಾಲಿನ ಬಗ್ಗೆಯೂ ಅರ್ಜಿ ಹಾಕೋಣವೇ ಎಂದು ನಾನು ಕೇಳಿದ್ದಕ್ಕೆ ಮಾತ್ರ “ನಂದೇನಿಲ್ಲ ಬಿಡವ್ವ” ಎಂದು ಕಣದ ಕಡೆ ಎದ್ದು ಹೋದ.

ಆ ವಾದವನ್ನೇ ಮುಖ್ಯವಾಗಿಟ್ಟುಕೊಂಡು ಮೇಲ್ಮನವಿ ಬರೆದೆ. ಬಹಳ ಚೆನ್ನಾಗಿ ಬರೆದೆ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಕಾದು ಕಾದು ಮರೆಯುವ ಹೊತ್ತಿಗೆ ಮತ್ತೊಂದು ವೈದ್ಯರ ಮಂಡಳಿಯ ಮುಂದೆ ಬರಲು ಕರೆ ಬಂತು. ದೂರದ ದೊಡ್ಡ ಆಸ್ಪತ್ರೆ. ಒಳಗೆ ಬಿಟ್ಟದ್ದು ಮಾವನನ್ನು ಮಾತ್ರ. ಹೊರಗೆ ಬೆಂಚಿನ ಮೇಲೆ ಕೂತು ಬಾಗಿಲು ನೋಡಿದೆ. ನೆಲ ಒರೆಸಿದ ಫಿನಾಯಿಲ್ ವಾಸನೆಯಲ್ಲಿ ತೂಕಡಿಕೆ ಬಂದು, ಬಾಗಿಲ ಸಂದಿಯಿಂದ ಹಿಮ ಒಸರಿ ಕಾರಿಡಾರಿನುದ್ದಕ್ಕೂ ಹರಡಿದಂತೆ ಕಂಡಿತು. ಕಣ್ಣು ಬಿಟ್ಟಾಗ ಮಾವ ಎದುರಿಗೆ ನಿಂತಿದ್ದ. ಬಸ್ಸು ಹತ್ತಿ ಕೂತ ಮೇಲೆ ಹೇಳಿದ.

“ಹೆಂಗಿದೀರಿ ಅಂತ್ಲೇ ಕೇಳಿದ್ರು ನೋಡು.”

“ನೀ ಏನಂದೆ?”

“ಬಾಯಿಗೆ ಆರಾಮ್ ಅಂತ ಬಂದೇ ಬಿಡ್ತು.”

ನಾನು ಕಿಟಕಿಯ ಸರಳಿಗೆ ಹಣೆ ಹಚ್ಚಿದೆ.

“ತಡಿಯವ್ವ, ಪೂರ್ತಿ ಕೇಳು. ಆಮೇಲೆ ಅಂದೆ, ನಾನ್ ಆರಾಮ್ ಅದೀನಿ ಸಾಬ್, ಕೈ ಆರಾಮಿಲ್ಲ ಅಂತ. ಹಂಗಂದ್ರೆ ಏನಪ್ಪ ಅಂದ್ರು. ತಣ್ಣೀರು ತರ್ಸಿ ಅಂದೆ. ಒಂದ್ ಬಟ್ಲಾಗೆ ತಂದಿಟ್ರು, ಕೈ ಮುಳುಗ್ಸಿದೆ. ಎಲ್ರೂ ಎದ್ದು ಬಂದು ಬಗ್ಗಿ ನೋಡಿದ್ರು.”

“ಬೆಳ್ಳಗಾಯ್ತಾ?”

“ಆಗದೇ ಏನು!” ಎಂದ, ಮಗ ಪಾಸಾದ ಅಪ್ಪನ ದನಿಯಲ್ಲಿ.

“ನನ್ ವಾದ ಓದಿದ್ರಾ?”

“ಮೇಜಿನ ಮ್ಯಾಲಿತ್ತು. ಅದ್ರ ಮ್ಯಾಲೇ ಬಟ್ಲು ಇಟ್ಟಿದ್ರು.”

ಮಳೆಗಾಲ ಕಳೆದ ಮೇಲೆ ಉತ್ತರ ಬಂತು. ಸೊಕ್ಕೆಗೆ ಹೋಗಿ ನಾನೇ ಓದಿ ಹೇಳಿದೆ. ಕಾಯಿಲೆ ಸೇವೆಯಿಂದ ಬಂದದ್ದು ಎಂದು ಒಪ್ಪಿದ್ದರು. ವೈಕಲ್ಯದ ಪ್ರಮಾಣ ಮಾತ್ರ ಮೊದಲಿನಷ್ಟೇ, ಇಪ್ಪತ್ತಕ್ಕೆ ಕೆಳಗೆ. ಅಂದರೆ ಪಿಂಚಣಿ ಇನ್ನೂ ಇಲ್ಲ. ಮಾವ ಎರಡನೆಯದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಮೊದಲನೆಯ ಸಾಲನ್ನು ಮೂರು ಸಲ ಓದಿಸಿದ. ನಿಶ್ಚಿತಾರ್ಥದ ಮನೆಯಲ್ಲಿ ಹಿಂದಿನಿಂದ ಮಾತಾಡಿದ್ದ ಆ ಪುಣ್ಯಾತ್ಮರನ್ನು ಅತ್ತೆ ಕಟ್ಟೆಗೇ ಕರೆಸಿ ನಾಲ್ಕನೆಯ ಸಲ ಓದಿಸಿದಳು. ಅವರು ಗಂಭೀರವಾಗಿ ಕೇಳಿ, ತಲೆಯಾಡಿಸಿ, “ನಮಗೇನ್ ಗೊತ್ತಿತ್ತು ಬಿಡಪ್ಪ” ಎಂದರು. ಹೋಗುವಾಗ ತಿರುಗಿ, “ಮತ್ತೆ ಕೋಟಾಕ್ಕೇನೂ ತೊಂದ್ರೆ ಇಲ್ಲ ತಾನೇ?” ಎಂದೂ ಕೇಳಿದರು.

“ಇನ್ನೊಂದು ಮೇಲ್ಮನವಿ ಹಾಕ್ಬೇಕು ಮಾವ,” ಎಂದೆ. “ಕಾಯಿಲೆ ಒಪ್ಕೊಂಡು ಪ್ರಮಾಣ ಒಪ್ಪಲ್ಲ ಅಂದ್ರೆ ಅದೆಂಥ ನ್ಯಾಯ?”

ಬೇಡ ಎನ್ನುತ್ತಾನೆ ಎಂದುಕೊಂಡಿದ್ದೆ. ಅದಕ್ಕೆ ಉತ್ತರವನ್ನೂ ಸಿದ್ಧ ಮಾಡಿಕೊಂಡಿದ್ದೆ.

“ಹಾಕಾಣ,” ಎಂದ. “ಆದ್ರೆ ಈ ಸಲ ನಾನ್ ಹೇಳ್ತೀನಿ, ನೀ ಬರಿ. ನಿಂದು ಭಾಳ ಉದ್ದ.”

ಪೆನ್ನು ತೆಗೆದೆ. ಅವನು ಗುಡ್ಡದ ಕಡೆ ನೋಡುತ್ತಾ, ಒಂದೊಂದೇ ಮಾತನ್ನು ನೆಲದಿಂದ ಆಯ್ದುಕೊಳ್ಳುವವನಂತೆ ಶುರುಮಾಡಿದ: “ಬೆಳಿಗ್ಗೆ ಎದ್ದು ಅಂಗಿ ಗುಂಡಿ ಹಾಕ್ಕೊಳಾಕೆ ಭಾಳ ಹೊತ್ತಾಗ್ತೈತೆ...”

“ಸುಳ್ಳು ಬರೀಬ್ಯಾಡ,” ಒಳಗಿನಿಂದ ಅತ್ತೆಯ ದನಿ ಬಂತು. “ಗುಂಡಿ ನಾನ್ ಹಾಕ್ತೀನಿ. ಅದ್ನೇ ಬರಿ.”

ಮಾವ ಬಗ್ಗಿ ತನ್ನ ಅಂಗಿಯ ಗುಂಡಿಗಳನ್ನು ನೋಡಿಕೊಂಡ. ಆಮೇಲೆ ಅಂದ, “ಹೂಂ, ಬರಿ.”