ಸಂಡಿಗೆ ಕಾಲಕ್ಕೆ ಲಸಿಕೆ ತರುವ ಪ್ರೇಮಲೀಲಾ

ಬೆಳಗಿನ ಆರು ಗಂಟೆ. ಶ್ರೀರಾಂಪುರದ ಪುಟ್ಟ ಕ್ಲಿನಿಕ್ಕಿನ ಹಿಂಬದಿಯಲ್ಲಿ ನರ್ಸ್ ಪ್ರೇಮಲೀಲಾ ಐಸ್ ಪ್ಯಾಕೊಂದನ್ನು ಕಿವಿಗೆ ಹಿಡಿದು ಅಲ್ಲಾಡಿಸುತ್ತಿದ್ದಾರೆ. ಒಳಗೆ ನೀರು ಗುಳುಗುಳು ಅನ್ನಬೇಕು. ಅಲ್ಲಿಯವರೆಗೆ ಅದು ಲಸಿಕೆಯ ಪೆಟ್ಟಿಗೆಗೆ ಇಳಿಯುವಂತಿಲ್ಲ. "ಕಲ್ಲಿನಂಗಿದ್ರೆ ಲಸಿಕೆನೂ ಹೆಪ್ಪುಗಟ್ಬುಡ್ತದೆ ಕಣ್ರೀ. ಆಮೇಲೆ ಚುಚ್ಚಿದ್ರೂ ಒಂದೇ, ಬುಟ್ರೂ ಒಂದೇ" ಎನ್ನುತ್ತಾರೆ.

ಐವತ್ತೊಂದರ ಈ ನರ್ಸಮ್ಮನಿಗೆ ಯುಗಾದಿ ಕಳೆದದ್ದೇ ತಡ, ಕಾಲು ನಿಲ್ಲುವುದಿಲ್ಲ. ಮಳೆಗಾಲದ ಫ್ಲೂ ಜ್ವರ ಕಾಲಿಡುವ ಮುಂಚೆ, ವೈದ್ಯರು ಬರೆದುಕೊಟ್ಟ ಪಟ್ಟಿ ಹಿಡಿದು ಹಿರಿಯರು, ಉಬ್ಬಸದವರು, ಬಸುರಿಯರು ಇರುವ ಮನೆಗಳಿಗೆ ಸ್ಕೂಟರಿನಲ್ಲಿ ಹೊರಡುತ್ತಾರೆ. ದಿನಕ್ಕೆ ಹನ್ನೆರಡು ಮನೆ. ಹನ್ನೆರಡರಲ್ಲೂ ಅದೇ ಪ್ರಶ್ನೆ: "ಹೋದ್ವರ್ಷ ಹಾಕಿಸ್ಕೊಂಡಿದ್ನಲ್ಲ?" ಪ್ರೇಮಲೀಲಾ ಸಂಡಿಗೆ ಒಣಗುವ ತಾರಸಿಯ ಕಡೆ ಕೈ ತೋರಿಸುತ್ತಾರೆ. "ಹೋದ್ವರ್ಷದ ಸಂಡಿಗೆ ಇದ್ದಿದ್ರೆ ಈ ವರ್ಷ ಯಾಕ್ರೀ ಬಿಸಿಲಲ್ಲಿ ಕೂತ್ಕೋತಿದ್ರಿ? ಲಸಿಕೆ ಬಲಾನೂ ಅಂಗೇ, ಕರಗೋಗ್ತದೆ. ಮೇಲಾಗಿ ಆ ವೈರಸ್ಸು ವರ್ಷವರ್ಷ ವೇಷ ಬದಲಾಯಿಸ್ತದೆ."

ಆ ಪ್ರಶ್ನೆಗೆ ಒಮ್ಮೆ ಅವರೇ ಸೋತಿದ್ದುಂಟು. ಮೂರು ವರ್ಷದ ಹಿಂದೆ ನಿವೃತ್ತ ಮೇಷ್ಟ್ರು ಚನ್ನಬಸವಯ್ಯ "ಹೋದ್ವರ್ಷ ಆಯ್ತಲ್ಲಮ್ಮ" ಎಂದಾಗ, ಹೊತ್ತಾಯಿತೆಂದು ಸುಮ್ಮನೆ ಬಂದುಬಿಟ್ಟರು. ಆ ಜುಲೈನಲ್ಲಿ ಫ್ಲೂ ಬಂತು. ಮೊದಲೇ ಉಬ್ಬಸದ ಮೇಷ್ಟ್ರು ಒಂಬತ್ತು ದಿನ ಆಸ್ಪತ್ರೆಯಲ್ಲಿ ಆಕ್ಸಿಜನ್ ಮೇಲಿದ್ದರು. "ಹಾಕಿದ್ರೆ ಬರ್ತಾನೇ ಇರ್ಲಿಲ್ಲ ಅನ್ನಲ್ಲ. ಇಷ್ಟು ಜೋರಾಗ್ತಿರ್ಲಿಲ್ವೇನೋ. ಆ ಒಂಬತ್ತು ದಿನ ನಂಗೆ ಅನ್ನ ಇಳೀಲಿಲ್ಲ" ಎನ್ನುತ್ತಾರೆ ಪ್ರೇಮಲೀಲಾ.

ಅಂದಿನಿಂದ ಪ್ರತಿ ವರ್ಷ ಮೊದಲ ಮನೆ ಮೇಷ್ಟ್ರದ್ದೇ. ಇಂದೂ ಹಾಗೇ. ಸೊಸೆ ರಕ್ಷಿತಾ ಸಂಡಿಗೆ ಹಿಟ್ಟಿನ ಪಾತ್ರೆ ಹೊತ್ತು ಮೆಟ್ಟಿಲು ಹತ್ತುತ್ತಿದ್ದಾರೆ. ಅಂಗಿಯ ತೋಳು ಮಡಚುತ್ತಿದ್ದ ಮೇಷ್ಟ್ರು ಅರ್ಧಕ್ಕೇ ನಿಲ್ಲಿಸುತ್ತಾರೆ.

"ಈ ವರ್ಷ ನೀನು ಹಾಕಿಸ್ಕೊಂಡ್ಯೇನಮ್ಮ?"

ಪ್ರೇಮಲೀಲಾ ಪೆಟ್ಟಿಗೆಯ ಮುಚ್ಚಳ ನೋಡುತ್ತಾರೆ. "ನಂದು... ಎಲ್ಲಾರ್ದೂ ಆದ್ಮೇಲೆ ಅಂತ..."

"ದಿನಾ ಕೆಮ್ಮೋರ ಮಧ್ಯ ಓಡಾಡೋಳು ಕೊನೇಲಾ? ಹೋಮ್‌ವರ್ಕ್ ಮಾಡ್ದೆ ಪಾಠ ಹೇಳೋಕೆ ಬಂದ್ಬುಟ್ಯಲ್ಲ!" ಮಡಚಿದ ತೋಳು ಕೆಳಗಿಳಿಯುತ್ತದೆ. "ಮೊದ್ಲು ನಿಂದಾಗ್ಲಿ. ಅಲ್ಲೀವರ್ಗೂ ನಂದಿಲ್ಲ."

"ಹಠ ಬುಡಿ ಮೇಷ್ಟ್ರೇ, ಮಳೆ ಹತ್ರ ಬಂತು."

"ಅದನ್ನೇ ನಾನೂ ಹೇಳ್ತಿರೋದು."

ಮೇಲಿನಿಂದ ರಕ್ಷಿತಾ ನಗುವುದು ಕೇಳಿಸುತ್ತದೆ. ಮೇಷ್ಟ್ರು ಜಗ್ಗುವುದಿಲ್ಲ. ಉಳಿದ ಹನ್ನೊಂದು ಮನೆ ಮುಗಿಸುವಾಗಲೂ ಪ್ರೇಮಲೀಲಾರ ಮನಸ್ಸೆಲ್ಲ ಆ ಮಡಚದ ತೋಳಿನ ಮೇಲೇ.

ಸಂಜೆ ಐದಕ್ಕೆ ಸ್ಕೂಟರು ಮತ್ತೆ ಅದೇ ಗೇಟಿನ ಮುಂದೆ. ಪ್ರೇಮಲೀಲಾರ ಎಡತೋಳಿನ ಮೇಲೆ ಹತ್ತಿ ಅಂಟಿಸಿದೆ. ಮೇಷ್ಟ್ರು ಕನ್ನಡಕ ಏರಿಸಿ, ಉತ್ತರಪತ್ರಿಕೆ ತಿದ್ದುವವರಂತೆ ಅದನ್ನು ನೋಡಿ, ತಮ್ಮ ತೋಳು ಚಾಚುತ್ತಾರೆ. ಚುಚ್ಚಿ ಮುಗಿಸಿದ ಪ್ರೇಮಲೀಲಾ ಪಟ್ಟಿ ತೆಗೆದು, ಮೊದಲಿದ್ದ ಅವರ ಹೆಸರಿಗೂ ಮೇಲಿನ ಸಾಲಿನಲ್ಲಿ ತಮ್ಮ ಹೆಸರನ್ನು ಸೇರಿಸುತ್ತಾರೆ.

"ನಿಮಗೊಂದು ಸನ್ಮಾನ ಮಾಡ್ಬೇಕು" ಎಂದು ರಕ್ಷಿತಾ ನಗುತ್ತಾರೆ. "ಸನ್ಮಾನ ಗಿನ್ಮಾನ ನಮಗ್ಯಾಕ್ರೀ?" ಎನ್ನುತ್ತಾ ಪ್ರೇಮಲೀಲಾ ಸ್ಕೂಟರು ಹತ್ತುತ್ತಾರೆ. "ಜುಲೈ ಮಳೇಲಿ ಈ ಮೇಷ್ಟ್ರು ಕರಿದ ಸಂಡಿಗೆ ತಿಂತಾ, ನನ್ನ ಬೈಕೊಂಡು ಮನೇಲೇ ಕೂತಿರ್ಲಿ. ಅಷ್ಟಾದ್ರೆ ಸಾಕು."