ಶನಿವಾರದ ಫೇರ್ ಕಾಪಿ

‘ಕೋ-ಆಪ್’ ಎಂದರೆ ಸೀಮೆಎಣ್ಣೆ, ಸಕ್ಕರೆ, ಉದ್ದನೆಯ ಕ್ಯೂ, ಇಷ್ಟೇ ಎಂದು ನಾವೆಲ್ಲ ನಂಬಿಕೊಂಡಿದ್ದ ಕಾಲವೊಂದಿತ್ತು. ಡಬ್ಬ ಹಿಡಿದು ಆ ಕ್ಯೂನಲ್ಲಿ ನೀವೂ ನಿಂತವರಾದರೆ, ಈ ವಯಸ್ಸಿನಲ್ಲಿ ನಾನು ವಾರಕ್ಕೊಮ್ಮೆ ಕೋ-ಆಪ್‌ಗೆ ಪಾಠ ಹೇಳಲು ಹೋಗುತ್ತೇನೆಂದರೆ ನಗುತ್ತೀರಿ. ಬೈರಮಂಗಲದ ಆಚೆ ಒಂದು ತೋಟದ ಮನೆ. ಮಕ್ಕಳನ್ನು ಸ್ಕೂಲಿಗೆ ಕಳಿಸದೆ ಮನೆಯಲ್ಲೇ ಓದಿಸುವ ಕೆಲವರು ಅಲ್ಲಿ ಸೇರುತ್ತಾರೆ. ಒಬ್ಬರು ಲೆಕ್ಕ, ಒಬ್ಬರು ಸೈನ್ಸ್, ಇನ್ನೊಬ್ಬರು ಮಡಕೆ ಮಾಡುವುದನ್ನು ಹೇಳಿಕೊಡುತ್ತಾರೆ. ಇದಕ್ಕೆ ಹೋಮ್‌ಸ್ಕೂಲ್ ಕೋ-ಆಪ್ ಎಂದು ಹೆಸರು. ಕಾನ್ವೆಂಟ್‌ನಲ್ಲಿ ಓದಿದ ಮುದುಕಿ, ಬರೆಯುವುದು ಗೊತ್ತಿರುತ್ತದೆ ಎಂದು ರೈಟಿಂಗ್ ಕ್ಲಾಸನ್ನು ನನಗೆ ಕೊಟ್ಟಿದ್ದಾರೆ. ಪ್ರತಿ ಗುರುವಾರ ಒಂದು ಅಸೈನ್‌ಮೆಂಟ್ ಕೊಡುತ್ತೇನೆ, ಮುಂದಿನ ಗುರುವಾರ ಓದಿಸುತ್ತೇನೆ.

ಮೊನ್ನೆ ‘ನಮ್ಮ ಮನೆಯವರೊಬ್ಬರು’ ಎಂಬ ವಿಷಯ ಕೊಟ್ಟಿದ್ದೆ. ತಾರಾ ಎಂಬ ಹುಡುಗಿ ತನ್ನ ತಾತನ ಬಗ್ಗೆ ಬರೆದು ಪ್ರಿಂಟ್ ತೆಗೆಸಿಕೊಂಡು ಬಂದಳು. ಅದರಲ್ಲಿ ಒಂದು ತಪ್ಪೂ ಇರಲಿಲ್ಲ. ತಾತನೂ ಇರಲಿಲ್ಲ.

“ರಫ್ ಎಲ್ಲಿ ಪುಟ್ಟಿ?” ಎಂದೆ.

“ರಫ್ ಅಂದ್ರೆ ಏನು ಅಜ್ಜಿ ಮಿಸ್? ಮಮ್ಮಿ ಕರೆಕ್ಟ್ ಮಾಡಿದ್ರು. ಹಳೇದು ಡಿಲೀಟ್ ಆಯ್ತು.”

ಹುಡುಗಿ ಸಹಜವಾಗಿ ಹೇಳಿದಳು. ನನಗೆ ಮಾತ್ರ ಸ್ಲೇಟು ಒರೆಸುವ ಒದ್ದೆ ಬಟ್ಟೆಯ ಮುಗ್ಗಲು ವಾಸನೆ ಮೂಗಿಗೆ ಬಡಿಯಿತು.

ನಾನು ಬೆಂಗಳೂರಿನ ಕಾನ್ವೆಂಟ್ ಒಂದರ ಹಾಸ್ಟೆಲ್‌ನಲ್ಲಿದ್ದವಳು. ಒಂದು ವರ್ಷ ಟೈಫಾಯ್ಡ್ ಬಂದು, ತಲೆಗೂದಲೆಲ್ಲ ಉದುರಿ, ಚನ್ನಪಟ್ಟಣದ ಮನೆಗೆ ವಾಪಸಾದೆ. ಹಾಸ್ಟೆಲ್ ಊಟ ಸದ್ಯಕ್ಕೆ ಬೇಡವೆಂದರು ಡಾಕ್ಟರು. ಆ ಚಳಿಗಾಲವೆಲ್ಲ ಗಂಜಿ, ಮೆಣಸಿನ ಸಾರು, ತಲೆಗೆ ಕಟ್ಟಿದ ಸ್ಕಾರ್ಫು. ಮನೆಯಲ್ಲಿ ಅಪ್ಪನ ತಂಗಿ ಸರೋಜತ್ತೆ ಇದ್ದಳು. ಅವಳೂ ಕಾನ್ವೆಂಟೇ. ಮದುವೆಗೆ ಮುಂಚೆ ಸ್ವಲ್ಪ ದಿನ ಟೀಚರ್ ಆಗಿದ್ದವಳು, ಗಂಡ ತೀರಿಹೋದ ಮೇಲೆ ನಮ್ಮಲ್ಲೇ ಉಳಿದಿದ್ದಳು. “ಹುಡುಗಿ ಸುಮ್ಮನೆ ಕೂತರೆ ತಲೆ ತುಕ್ಕು ಹಿಡಿಯುತ್ತೆ” ಎಂದು ಜಗುಲಿಯಲ್ಲಿ ನನಗೊಬ್ಬಳಿಗೇ ಕ್ಲಾಸು ಶುರು ಮಾಡಿದಳು. ಕ್ಲಾಸಿನ ಹೊತ್ತಿನಲ್ಲಿ ಅವಳನ್ನು ಅತ್ತೆ ಎನ್ನುವಂತಿರಲಿಲ್ಲ, ಮಿಸ್ ಎನ್ನಬೇಕು.

ಒಬ್ಬಳು ಮೂವರಾದದ್ದು ಹೇಗೆಂದರೆ, ಆಗ ನಮ್ಮೂರಲ್ಲಿ ಹೆಣ್ಣುಮಕ್ಕಳು ದೊಡ್ಡವರಾದ ಕೂಡಲೆ ಸ್ಕೂಲು ಬಿಡಿಸುತ್ತಿದ್ದರು. ಹಾಗೆ ಬಿಟ್ಟು ಮನೆಯಲ್ಲಿ ಕೂತವರು ಇಬ್ಬರು ಬಂದರು. ದೊಡ್ಡಮಳೂರಿನ ರಾಜಮ್ಮ, ಹೊಲಮನೆಯವರ ಹುಡುಗಿ. ಅವರಣ್ಣ ಹಾಲು ಹಾಕಲು ಬರುವಾಗ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಬಂದು ಇಳಿಸುತ್ತಿದ್ದ. ಇನ್ನೊಬ್ಬಳು ನಮ್ಮ ಹಿಂದಿನ ಬೀದಿಯ ಮುಮ್ತಾಜ್. ಅವಳ ಅಬ್ಬಾ ಬಾಷಾ ಸಾಬರು ಬಣ್ಣದ ಬುಗುರಿ, ಗಿಲಕಿ ಕಡೆಯುವವರು. ಅತ್ತೆ ಫೀಸು ಮುಟ್ಟುತ್ತಿರಲಿಲ್ಲ. ಅದಕ್ಕೆ ಬದಲಾಗಿ ರಾಜಮ್ಮನ ಅವ್ವ ನಮಗೆ ಸೇರು, ಪಾವು, ಚಟಾಕು ಹಿಡಿದು ಲೆಕ್ಕ ಕಲಿಸಿದಳು. ಮುಮ್ತಾಜಳ ಅಮ್ಮಿ ಕಸೂತಿ ಹೇಳಿಕೊಟ್ಟಳು. ನೋಡಿ, ಅದೇ ಅಲ್ಲವೇ ಕೋ-ಆಪ್! ಹೆಸರಿಡಲು ಯಾರಿಗೂ ಹೊಳೆದಿರಲಿಲ್ಲ, ಅಷ್ಟೆ.

ವಾರಕ್ಕೊಂದು ಕಾಂಪೊಸಿಷನ್. ಶುಕ್ರವಾರ ಸ್ಲೇಟಿನ ಎರಡೂ ಬದಿ ತುಂಬ ರಫ್ ಬರೆಯಬೇಕು. ಮಿಸ್ ಅದನ್ನು ತಿದ್ದುತ್ತಾಳೆ. ತಿದ್ದಿದ್ದನ್ನು ನೋಟ್‌ಬುಕ್ಕಿಗೆ ಶಾಯಿಯಲ್ಲಿ ಫೇರ್ ಕಾಪಿ ಮಾಡಿ, ಸ್ಲೇಟನ್ನು ಒದ್ದೆ ಬಟ್ಟೆಯಿಂದ ಒರೆಸಿಬಿಡಬೇಕು. ಶನಿವಾರ ಸಂಜೆ ಮೂವರ ಮನೆಗಳಲ್ಲಿ ಸರದಿಯ ಮೇಲೆ ಯಾವುದಾದರೊಂದಕ್ಕೆ ಹೋಗಿ ಗಟ್ಟಿಯಾಗಿ ಓದಬೇಕು. ಕಾನ್ವೆಂಟ್‌ನ ಕ್ರಮ ಅದು. ರಫ್ ನಿನ್ನದು, ಫೇರ್ ಲೋಕದ್ದು ಎನ್ನುತ್ತಿದ್ದಳು ಅತ್ತೆ.

ಮೊದಮೊದಲು ನಮಗೆ ಅದೊಂದು ತಮಾಷೆ. ‘ಹಸು’ ಎಂಬ ವಿಷಯ ಕೊಟ್ಟಾಗ ರಾಜಮ್ಮ ಬರೆದದ್ದು ಹೀಗೆ: ‘ನಮ್ಮ ಹಸ ಒದೀತದೆ. ನಮ್ಮಪ್ಪನ ಹಲ್ಲು ಹೋಗಿದ್ದು ಅದರಿಂದಲೇ.’ ಫೇರ್ ಕಾಪಿಯಲ್ಲಿ ಅದು ‘ಹಸುವು ಸಾಧು ಪ್ರಾಣಿ’ ಆಯಿತು. ಶನಿವಾರ ದೊಡ್ಡಮಳೂರಿನಲ್ಲಿ ಅವಳು ಅದನ್ನು ಓದಿದರೆ, ಹಲ್ಲಿಲ್ಲದ ಅವರಪ್ಪ ಕಂಬಕ್ಕೆ ಒರಗಿ ಕೂತು ಕೇಳಿದರು.

“ಯಾವೂರ್ ಹಸ ಕಣವ್ವ ಅದು? ನಮಗೂ ಒಂದು ಕೊಡ್ಸು” ಎಂದರು. ನಮಗೆ ನಕ್ಕೂ ನಕ್ಕೂ ಬಿಕ್ಕಳಿಕೆ ಬಂತು. ಅತ್ತೆಯೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಆದರೆ ತಿದ್ದುವುದನ್ನು ಬಿಡಲಿಲ್ಲ.

ಆ ವರ್ಷ ರಂಜಾನ್ ಚಳಿಯಲ್ಲೇ ಬಂತು. ಅವರೆಕಾಯಿ ಕಾಲ. ರಾಜಮ್ಮ ತಂದ ಸೊಗಡಿನ ಕಾಯಿಯನ್ನು ಮೂವರೂ ಸುಲಿಯುತ್ತ ಕೂತಿದ್ದಾಗ ಮುಮ್ತಾಜ್ ತಲೆ ತಗ್ಗಿಸಿಕೊಂಡೇ ಹೇಳಿದಳು.

“ಹಬ್ಬ ಆದ್ಮೇಲೆ ನನ್ನ ರಾಮನಗರಕ್ಕೆ ಕಳಿಸ್ತಾರಂತೆ. ಖಾಲಾ ಮನೆಗೆ.”

ಖಾಲಾ ಎಂದರೆ ಅವಳ ಚಿಕ್ಕಮ್ಮ. ಅವರ ಮನೆಯಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸ. ಕೈಸಹಾಯಕ್ಕೆ ಒಬ್ಬಳು ಹುಡುಗಿ ಬೇಕಿತ್ತು, ಆಮೇಲೆ ಅಲ್ಲೇ ಒಂದು ಸಂಬಂಧವನ್ನೂ ನೋಡುವವರಿದ್ದರು.

“ಒಲ್ಲೆ ಅನ್ನಮ್ಮಿ” ಎಂದಳು ರಾಜಮ್ಮ.

“ಅಂದೆ. ಅಬ್ಬಾ ನೋಡಣ ಅಂದವ್ರೆ. ಇಷ್ಟು ದಿನದಿಂದ ಹೋಗ್ತೀಯಲ್ಲ, ಏನ್ ಕಲ್ತೆ ಅಂತ ಒಂದ್ ಸಲ ಕೇಳ್ತೀನಿ, ಕೇಳಿ ಹೇಳ್ತೀನಿ ಅಂದವ್ರೆ.”

ಅತ್ತೆಗೆ ಈ ವಿಷಯ ತಿಳಿದದ್ದೇ, ಅವಳೇ ಮುಮ್ತಾಜಳ ಮನೆಗೆ ಹೋದಳು. ಇನ್ನೊಂದು ವರ್ಷ ಬಿಟ್ಟರೆ ಪ್ರೈವೇಟಾಗಿ ಪರೀಕ್ಷೆ ಕಟ್ಟಿಸುತ್ತೇನೆ ಎಂದಳು. ಹಬ್ಬ ಕಳೆದ ಮೇಲಿನ ಶನಿವಾರ ಓದು ಬಾಷಾ ಸಾಬರ ಮನೆಯಲ್ಲೇ ಎಂದು ನಿಶ್ಚಯವಾಯಿತು. ಅವರನ್ನು ಒಲಿಸಲೆಂದೇ ಅತ್ತೆ ಆ ವಾರದ ವಿಷಯವನ್ನು ‘ನನ್ನ ತಂದೆ’ ಎಂದು ಕೊಟ್ಟಳು.

ಶುಕ್ರವಾರ ಹಿತ್ತಲಿನ ಸೀಬೆಮರದ ಕೆಳಗೆ ಮುಮ್ತಾಜ್ ತನ್ನ ಸ್ಲೇಟನ್ನು ನಮಗೆ ಓದಿ ತೋರಿಸಿದಳು. ನನಗೆ ಈಗ ಕನ್ನಡಕ ಎಲ್ಲಿಟ್ಟೆನೆಂದು ನೆನಪಿರುವುದಿಲ್ಲ. ಅವಳ ಆ ಮಾತು ಮಾತ್ರ ಹಾಗೇ ಇದೆ:

‘ಅಬ್ಬಾ ಬೆಳಿಗ್ಗೆ ಚಾ ಕುಡಿಯೋವರೆಗೂ ಯಾರ ಜೊತೇನೂ ಮಾತಾಡಲ್ಲ. ಮರದ ಜೊತೆ ಮಾತ್ರ ಮಾತಾಡ್ತಾರೆ. ಮರ ಒಳ್ಳೇದಿದ್ದರೆ ಬಾರಮ್ಮ ಅಂತಾರೆ, ಗಂಟು ಇದ್ದರೆ ಬೈತಾರೆ. ಉಳಿ ಜಾರಿ ಬುಗುರಿ ಸೊಟ್ಟ ಆದರೆ ಅಮ್ಮಿಗೆ ಕಾಣದಂಗೆ ಲುಂಗಿಯಲ್ಲಿ ಬಚ್ಚಿಡ್ತಾರೆ. ಸಾಯಂಕಾಲ ಅದು ನನ್ನ ದಿಂಬಿನ ಕೆಳಗೆ ಇರುತ್ತೆ. ನೆಟ್ಟಗಿರೋ ಬುಗುರಿ ಎಲ್ಲಾ ಅಂಗಡಿಗೆ. ಸೊಟ್ಟ ಇರೋವೆಲ್ಲಾ ನನಗೆ. ನನ್ನ ಹತ್ತಿರ ಎಷ್ಟೊಂದು ಇದಾವೆ ಅಂದರೆ, ಅಬ್ಬಾ ಬೇಕಂತಲೇ ಸೊಟ್ಟ ಮಾಡ್ತಾರೆ ಅಂತ ನನಗೆ ಡೌಟು.’

ಆ ಸೊಟ್ಟ ಬುಗುರಿಗಳ ಜೊತೆ ನಾವೇ ಎಷ್ಟು ಆಡಿದ್ದೆವು! ಬಿಟ್ಟ ಕೂಡಲೆ ಹೆಂಡ ಕುಡಿದವರ ಹಾಗೆ ತೂರಾಡುತ್ತ ಚರಂಡಿಗೇ ಹೋಗುತ್ತಿದ್ದವು. ರಾಜಮ್ಮ ಅವಕ್ಕೆಲ್ಲ ತನ್ನ ಮಾವಂದಿರ ಹೆಸರಿಟ್ಟಿದ್ದಳು. ಆದರೆ ಆ ದಿನ ಅವಳೂ ನಗಲಿಲ್ಲ. “ಸಂದಾಗಿ ಬರ್ದಿದ್ದೀ ಕಣಮ್ಮಿ” ಎಂದಳು ಮೆಲ್ಲಗೆ. “ನಿಮ್ಮಪ್ಪ ಇದನ್ನ ಕೇಳುದ್ರೆ ನಿನ್ನ ಎಲ್ಲಿಗೂ ಕಳ್ಸಕ್ಕಿಲ್ಲ.”

ಅತ್ತೆ ಸ್ಲೇಟು ನೋಡಿದಳು. ಎರಡು ಸಲ ಓದಿದಳು. ಬೈಯಲಿಲ್ಲ. ಮುಮ್ತಾಜಳ ತಲೆ ಸವರಿ ಪಕ್ಕದಲ್ಲಿ ಕೂರಿಸಿಕೊಂಡಳು.

“ನೋಡು ಕಂದ, ನಿಮ್ಮಬ್ಬಾ ಎದುರಿಗೇ ಕೂತಿರ್ತಾರೆ. ಬೀದಿಯವರು ನಾಲ್ಕು ಜನ ಬರ್ತಾರೆ. ಅವರ ಕೆಲಸ ಕೆಡುತ್ತೆ, ಅದನ್ನ ಹೆಂಡತಿಗೆ ಗೊತ್ತಾಗದ ಹಾಗೆ ಬಚ್ಚಿಡ್ತಾರೆ ಅಂತ ಓದಿದ್ರೆ ಅವರ ಮಾನ ಏನಾಗಬೇಕು? ಲುಂಗಿ ಅಂತ ಕಾಂಪೊಸಿಷನ್‌ನಲ್ಲಿ ಯಾರಾದ್ರೂ ಬರೀತಾರಾ? ಅವರಿಗೆ ಹೆಮ್ಮೆ ಆಗೋ ಹಾಗೆ ಬರೆಯೋಣ, ಅಲ್ವಾ?”

ಮುಮ್ತಾಜ್ ತಲೆಯಾಡಿಸಿದಳು. ಅತ್ತೆ ಹೇಳಿದಂತೆ ಬರೆದುಕೊಂಡಳು. ಅವಳ ಅಕ್ಷರ ನಮ್ಮೆಲ್ಲರಿಗಿಂತ ಮುದ್ದಾಗಿತ್ತು. ಆಮೇಲೆ ಒದ್ದೆ ಬಟ್ಟೆಯಿಂದ ಸ್ಲೇಟು ಒರೆಸಿದಳು, ಎರಡೂ ಬದಿ.

ಶನಿವಾರ ಬಾಷಾ ಸಾಬರ ಕೆಲಸದ ಪಡಸಾಲೆಯನ್ನು ಗುಡಿಸಿ ಚಾಪೆ ಹಾಸಿದ್ದರು. ಕಾದ ಅರಗಿನ ವಾಸನೆ, ಹಾಲೆಮರದ ಹೊಟ್ಟಿನ ವಾಸನೆ, ಒಳಗಿನಿಂದ ಏಲಕ್ಕಿ ಹಾಕಿದ ಶಾವಿಗೆಯ ಪರಿಮಳ. ಸಾಬರು ಒಗೆದ ಅಂಗಿ ತೊಟ್ಟು, ಉಗುರಿನ ಸಂದಿಯ ಕೆಂಪು ಬಣ್ಣ ಉಜ್ಜಿ ಉಜ್ಜಿ ತೆಗೆಯಲು ನೋಡಿದ್ದರು. “ಬನ್ನಿ ಅಮ್ಮಾ, ಕೂತ್ಕಳಿ, ಗಾಳಿ ಬತ್ತದೆ ಇಲ್ಲಿ” ಎಂದು ಅತ್ತೆಗೆ ಇದ್ದೊಂದು ಕುರ್ಚಿ ಹಾಕಿದರು. ನಾನು, ರಾಜಮ್ಮ ಬೇಗ ಬೇಗ ನಮ್ಮದನ್ನು ಓದಿ ಮುಗಿಸಿದೆವು. ಮುಮ್ತಾಜ್ ಎದ್ದು ನಿಂತಳು.

“ನನ್ನ ತಂದೆಯವರು ಶ್ರಮಜೀವಿಗಳು. ಅವರು ಪ್ರಾತಃಕಾಲದಲ್ಲಿ ಎದ್ದು ತಮ್ಮ ಕಾಯಕದಲ್ಲಿ ನಿರತರಾಗುತ್ತಾರೆ. ಅವರು ತಯಾರಿಸುವ ಆಟಿಕೆಗಳು ದೋಷರಹಿತವಾಗಿರುತ್ತವೆ. ತಂದೆಯೇ ಮಕ್ಕಳಿಗೆ ಆದರ್ಶ.”

ಅಮ್ಮಿ ಬಾಗಿಲ ಪರದೆಯ ಹಿಂದಿನಿಂದ “ಮಾಷಾ ಅಲ್ಲಾ” ಎಂದಳು. ಸಾಬರು ಇನ್ನೂ ಕಾಯುತ್ತಿದ್ದರು. ಓದು ಮುಗಿದಿದೆ ಎಂದು ಅವರಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

“ದೊಡ್ಡ ದೊಡ್ಡ ಮಾತು” ಎಂದರು. “ಯಾರ ಬಗ್ಗೆ ಮಗಾ ಇದು?”

“ನಿಮ್ ಬಗ್ಗೇನೇ ಅಬ್ಬಾ.”

“ನನ್ ಬಗ್ಗೆಯಾ!” ನಕ್ಕರು. ನಗು ಬೇಗ ಆರಿತು. ಅತ್ತೆಯ ಕಡೆ ತಿರುಗಿ ತುಂಬ ಮರ್ಯಾದೆಯಿಂದ ಹೇಳಿದರು. “ತಪ್ ತಿಳ್ಕೋಬೇಡಿ ಅಮ್ಮಾ. ನೀವು ಭಾಳ ಕಷ್ಟಪಟ್ಟಿದೀರಿ. ಆದ್ರೆ ಇದು ಯಾರ್ ಮಗಳಾದ್ರೂ ಯಾರ್ ಅಪ್ಪನ್ ಬಗ್ಗೆನಾದ್ರೂ ಓದಬೋದು. ನಮ್ ಮುಮ್ತಾಜ್ ಇದ್ರಲ್ಲಿ ಎಲ್ಲವ್ಳೆ? ಇಷ್ಟು ಕಲ್ತಿದ್ದು ಸಾಕು ಬಿಡಿ. ಅವ್ರ ಚಿಕ್ಕಮ್ಮನಿಗೆ ಒಸಿ ಆಸರೆ ಆಗ್ಲಿ.”

ಮುಮ್ತಾಜ್ ನೋಟ್‌ಬುಕ್ ಎದೆಗೆ ಒತ್ತಿಕೊಂಡು ಅತ್ತೆಯ ಮುಖ ನೋಡಿದಳು. ಅತ್ತೆ ನೆಲ ನೋಡುತ್ತಿದ್ದಳು. ರಾಜಮ್ಮ ನನ್ನ ತೊಡೆ ಚಿವುಟಿದಳು. ಆದರೆ ಒರೆಸಿದ ಸ್ಲೇಟಿನಲ್ಲಿದ್ದುದನ್ನು ಮಿಸ್ ಎದುರಿಗೆ ಎತ್ತುವುದು ಆ ಕಾಲದಲ್ಲಿ ನಮ್ಮಂಥವರಿಂದ ಆಗುವ ಮಾತಾಗಿರಲಿಲ್ಲ. ಶಾವಿಗೆ ಬಂತು. ಎಲ್ಲರೂ ತಿಂದೆವು.

ಅವಳು ಹೋದ ಮೇಲೆ ಅತ್ತೆ ಮತ್ತೊಂದು ವಿಷಯ ಕೊಟ್ಟಳು, ನಾವಿಬ್ಬರೂ ಬರೆದೆವು. ಮಾಗಿ ಕಳೆದು ಬಿಸಿಲು ಏರುವ ಹೊತ್ತಿಗೆ ಒಂದು ದಿನ ಬಾಷಾ ಸಾಬರ ಬಾಗಿಲ ಮುಂದೆ ಹಾದು ಹೋಗುತ್ತಿದ್ದೆ. ಅವರೇ ಕರೆದರು. ನನ್ನ ತಲೆಯಲ್ಲಿ ಹೊಸದಾಗಿ ಚಿಗುರಿದ ಕೂದಲು ನೋಡಿ, “ಏನ್ ತಾಯಿ, ಪೈರು ಬಂದದೆ!” ಎಂದು ತಮಾಷೆ ಮಾಡಿದರು. ಆಮೇಲೆ, ಬುಗುರಿಗೆ ತಾಳೆಗರಿ ಒತ್ತಿ ಹೊಳಪು ಕೊಡುತ್ತಲೇ ಕೇಳಿದರು.

“ನಮ್ ಹುಡುಗಿ ಅಲ್ಲಿ ದಿನಾ ಏನ್ ಬರೀತಿದ್ಲು? ಆವತ್ತು ಓದಿದ್ಲಲ್ಲ, ಅದೇನಾ?”

ನಾನು ಸೀಬೆಮರದ ಕೆಳಗೆ ಕೇಳಿದ್ದನ್ನು ಹೇಳಿಬಿಟ್ಟೆ. ಚಾ, ಮರದ ಜೊತೆಗಿನ ಮಾತು, ಲುಂಗಿ, ದಿಂಬು ಎಲ್ಲ. ಡೌಟು ಎಂಬ ಮಾತಿಗೆ ಬಂದಾಗ ಅವರ ಕೈ ನಿಂತಿತು.

“ಅವಳಿಗೆ ಗೊತ್ತಿತ್ತಾ?”

ನಾನು ಹೂಂ ಎಂದೆ.

“ಗೊತ್ತಿತ್ತಾ ಅವಳಿಗೆ” ಎಂದರು ಮತ್ತೆ, ನನಗಲ್ಲ. ಹೊಳಪು ಕೊಡುತ್ತಿದ್ದ ಬುಗುರಿಯನ್ನು ಹಾಗೇ ಬಿಟ್ಟು ಎದ್ದು, ಗೂಟಕ್ಕೆ ತಗುಲಿಸಿದ್ದ ಅಂಗಿ ಹಾಕಿಕೊಂಡರು. “ಲೇ, ನಾನು ರಾಮನಗರಕ್ಕೆ ಹೋಗ್ಬಿಟ್ಟು ಬತ್ತೀನಿ” ಎಂದು ಒಳಗೆ ಕೂಗಿ ಹೇಳಿ ಬಸ್ ಸ್ಟ್ಯಾಂಡ್ ಕಡೆ ಹೊರಟರು.

ಸಂಜೆ ಬಂದವರು ಒಬ್ಬರೇ ಬಂದರು. ಅಲ್ಲಿ ಹುಡುಗನ ಮನೆಯವರಿಗೆ ಮಾತು ಕೊಟ್ಟು ಆಗಿತ್ತು. “ಕೊಟ್ಟ ಮಾತು ಹೆಂಗಮ್ಮ ಹಿಂದಕ್ ತಗಳದು” ಎಂದು ಅಮ್ಮಿ ನಮ್ಮ ಅಮ್ಮನ ಹತ್ತಿರ ಹೇಳಿ ಅತ್ತಳು. ಸಾಬರು ಅತ್ತೆಯನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಅವಳಿಗೆ ಹಗುರವಾಗುತ್ತಿತ್ತೇನೋ. ನಾನು ಹೇಳಿದ್ದು ಅತ್ತೆಗೂ ಗೊತ್ತಾಯಿತು. ಮುಂದೆ ಎಷ್ಟೋ ವರ್ಷ ಬದುಕಿದಳು. ಯಾವತ್ತಾದರೊಮ್ಮೆ, ಅಕ್ಕಿ ಆರಿಸುತ್ತಲೋ ಹೂ ಕಟ್ಟುತ್ತಲೋ, ಯಾರೂ ಕೇಳದೆಯೇ ಹೇಳುತ್ತಿದ್ದಳು. “ಅವರಿಗೆ ಅವಮಾನ ಆಗಬಾರದು ಅಂತ ಅಷ್ಟೇ ಕಣೇ ನಾನು ಮಾಡಿದ್ದು.” ನಾನು ಗೊತ್ತು ಅತ್ತೆ ಎನ್ನುತ್ತಿದ್ದೆ.

ನನ್ನ ಮದುವೆಯಾಗಿ ಮಕ್ಕಳಾದ ಮೇಲೆ ಒಮ್ಮೆ ರಾಮನಗರದ ಬಸ್ ಸ್ಟ್ಯಾಂಡಿನಲ್ಲಿ ಮುಮ್ತಾಜ್ ಸಿಕ್ಕಿದಳು. ಬುರ್ಖಾ ಸರಿಸಿ ಅವಳೇ ನನ್ನನ್ನು ಗುರುತು ಹಿಡಿದಳು. “ಏನೇ ಬೋಡಮ್ಮ, ಜಡೆ ಬಂದದೆ!” ಎಂದು ತಬ್ಬಿಕೊಂಡಳು. ಕೈಬೆರಳುಗಳು ಬಿಸಿನೀರಿನಲ್ಲಿ ಬೆಂದು ಬೆಳ್ಳಗೆ ಸುಕ್ಕುಗಟ್ಟಿದ್ದವು. ಸೊಂಟದಲ್ಲೊಂದು ಕೂಸು, ಬುರ್ಖಾದ ಅಂಚು ಹಿಡಿದು ಇನ್ನೊಂದು.

“ಈಗ್ಲೂ ಏನಾದ್ರೂ ಬರೀತೀಯೇನೇ?” ಎಂದು ಕೇಳಿದೆ. ಕೇಳಬಾರದಿತ್ತು ಎಂದು ಆಮೇಲೆ ಅನ್ನಿಸಿತು.

“ಸೈನ್ ಹಾಕ್ತೀನಿ” ಎಂದಳು. “ರೇಷನ್ ಕಾರ್ಡ್‌ಗೆ, ಮಕ್ಕಳ ಸ್ಕೂಲಲ್ಲಿ. ಭಾಳ ನೀಟಾಗೈತೆ ನಿಮ್ ಸೈನು ಅಂತಾರೆ ಎಲ್ರೂ.” ನಕ್ಕಳು. ಅವಳ ಬಸ್ಸು ಬಂತು.

ಆಮೇಲೆ ಅವಳನ್ನು ನೋಡಲಿಲ್ಲ. ಬಾಷಾ ಸಾಬರೂ ಇಲ್ಲ, ರಾಜಮ್ಮನೂ ಹೋದ ವರ್ಷ ಹೋದಳು. ಆ ಬೀದಿಯಲ್ಲಿ ಈಗ ಯಂತ್ರಗಳು ತಿರುಗುತ್ತವೆ, ಬುಗುರಿಗಳು ನೆಟ್ಟಗೇ ಇರುತ್ತವೆ. ಅರಗಿನ ವಾಸನೆ ಇನ್ನೂ ಬರುತ್ತದೆ. ಆ ಬೀದಿಯನ್ನು ಬರೆಯಬಲ್ಲವಳೊಬ್ಬಳು ಅಲ್ಲೇ ಹುಟ್ಟಿದ್ದಳು, ಒಂದು ಸ್ಲೇಟಿನ ಎರಡು ಬದಿಯಷ್ಟು ಬರೆದಳು. ಅವಳಿಂದ ಇನ್ನೆಷ್ಟು ಬರಬಹುದಿತ್ತು ಎಂದು ಅಳೆಯಲು ಹೊರಟರೆ ರಾಜಮ್ಮನ ಅವ್ವ ಕಲಿಸಿದ ಯಾವ ಅಳತೆಯೂ ನನಗೆ ಸಾಲುವುದಿಲ್ಲ. ಉಳಿದಿರುವ ಆ ಒಂದಿಷ್ಟು ಮಾತು ಕೂಡ ನನ್ನ ತಲೆಯಲ್ಲಿ ಮಾತ್ರ ಇತ್ತು. ಇವತ್ತು ಇಲ್ಲಿ ಬರೆದಿಟ್ಟೆ. ಬರೆಯುವಾಗ ನಾನೂ ಎಲ್ಲಿ ತಿದ್ದಿದೆನೋ ಏನೋ, ನೋಡಿ ಹೇಳುವವರು ಯಾರೂ ಇಲ್ಲ.